ಅಪ್‌ಡೇಟ್: ಅಪ್ಪನ ಪದ್ಮಿನಿಯ ಬಾನೆಟ್ ಕೆಳಗಿನ ಕೆಲಸ ಮುಗೀತು

ಸಿಗ್ನಲ್‌ನಲ್ಲಿ ನಿಂತರೆ ಹೆಡ್‌ಲೈಟ್ ಮಂಕಾಗುತ್ತೆ, ಬೆಳಿಗ್ಗೆ ಬ್ಯಾಟರಿ ಡೌನ್ ಅಂತ ಹೋದ ತಿಂಗಳು ಕೇಳಿದ್ದೆ ಅಲ್ವಾ? ಅಪ್ಪನ 1978ರ ಪ್ರೀಮಿಯರ್ ಪದ್ಮಿನಿ, ಇಲ್ಲೇ ಮುಂಬೈನ ಕುರ್ಲಾದಲ್ಲಿ ತಯಾರಾದ ಕಾರು. ನೀವು ಹೇಳಿದ ಹಾಗೆ, ಬ್ಯಾಟರಿ ಚಾರ್ಜ್ ಮಾಡುವ ಹಳೇ ಡೈನಮೋ ತೆಗೆಸಿ, ಇಂಜಿನ್ ನಿಧಾನ ಇದ್ದಾಗಲೂ ಸಾಕಷ್ಟು ಕರೆಂಟ್ ಕೊಡುವ ಆಲ್ಟರ್ನೇಟರ್ ಹಾಕಿಸಿದೆ. ಈಗ ಐಡಲ್‌ನಲ್ಲೇ (ಗಾಡಿ ನಿಂತು ಇಂಜಿನ್ ಮಾತ್ರ ಓಡುವಾಗ) 13.9 ವೋಲ್ಟ್ ಬರುತ್ತಿದೆ, ಬ್ಯಾಟರಿ ಚಾರ್ಜ್ ಆಗೋಕೆ ಅಷ್ಟು ಸಾಕು.

ಜಾಸ್ತಿ ಕೆಲಸ ಇದ್ದದ್ದು ಬ್ಯಾಟರಿ ಟ್ರೇ ಕೆಳಗೆ. ಆ್ಯಸಿಡ್ ಸೋರಿ ತಗಡು ಹಪ್ಪಳವಾಗಿತ್ತು, ಬೆರಳಲ್ಲಿ ಒತ್ತಿದರೆ ಪುಡಿ. ಮುಂಬೈ ಮಳೆ ಬೇರೆ. ಅಡುಗೆ ಸೋಡಾ ನೀರಲ್ಲಿ ತೊಳೆದು, ಹಾಳಾದದ್ದನ್ನು ಕತ್ತರಿಸಿ, ಹೊಸ ತಗಡು ವೆಲ್ಡ್ ಮಾಡಿಸಿ, ತುಕ್ಕು ಹಿಡಿಯದ ಹಾಗೆ ರೆಡ್ ಆಕ್ಸೈಡ್ ಪೇಂಟ್ ಹೊಡೆಸಿದೆ. ಬ್ಯಾಟರಿಯನ್ನು ಗಾಡಿಯ ತಗಡಿಗೆ ಜೋಡಿಸುವ ಅರ್ಥ್ ಪಟ್ಟಿ ಕೂರುವ ಜಾಗದಲ್ಲಿ ಮಾತ್ರ, ಕರೆಂಟ್‌ಗೆ ಅಡ್ಡಿ ಆಗುತ್ತೆ, ಪೇಂಟ್ ಬೇಡ ಅಂತ ನಾನೇ ನಿಂತು ಕೆರೆಸಿದೆ. ಇಂಜಿನ್ ಮುಟ್ಟಿಲ್ಲ, ಆ 1089 ಸಿಸಿ ಹಾಗೇ ಇರಲಿ.

ನಿನ್ನೆ ರಾತ್ರಿ ಅಪ್ಪನನ್ನು ಮಾಟುಂಗಾಕ್ಕೆ ಕರೆದುಕೊಂಡು ಹೋಗಿದ್ದೆ. ಸಿಗ್ನಲ್‌ನಲ್ಲಿ ಲೈಟ್ ಒಂಚೂರೂ ಮಂಕಾಗಲಿಲ್ಲ. ಎಲ್ಲರಿಗೂ ತುಂಬಾ ಥ್ಯಾಂಕ್ಸ್.