ಪೋಲೆಂಡ್ ಸ್ಪೀಡ್‌ವೇ ಲೀಗ್: ಸೋತ ತಂಡಕ್ಕೂ ಪಾಯಿಂಟ್ ಹೇಗೆ ಬರುತ್ತೆ?

ಕೆಮ್ಮಣ್ಣು500
ಎಕ್ಸ್‌ಟ್ರಾಲೀಗಾ (ಸ್ಪೀಡ್‌ವೇ, ಅಂದ್ರೆ ಮಣ್ಣಿನ ಟ್ರ್ಯಾಕಿನ ಬೈಕ್ ರೇಸಿನಲ್ಲಿ ಪೋಲೆಂಡಿನ ಮೊದಲ ದರ್ಜೆಯ ಲೀಗ್) ಪಟ್ಟಿಯಲ್ಲಿ ಲೆಕ್ಕ ತಾಳೆಯಾಗ್ತಿಲ್ಲ. ಗೆದ್ದರೆ 2, ಸಮ ಆದರೆ 1 ಅನ್ನೋದು ಗೊತ್ತು. ಆದರೂ 44–46ರಲ್ಲಿ ಸೋತ ತಂಡದ ಖಾತೆಗೆ 1 ಸೇರಿರುತ್ತೆ. ಸವಾರರ ಹೆಸರಿನ ಮುಂದೆ 10+2 ಅಂತ ಬೇರೆ ಬರೆದಿರ್ತಾರೆ, ಅದನ್ನ 12 ಅಂತ ಹಿಡಿದು ಕೂಡಿದರೆ ತಂಡದ ಸ್ಕೋರ್ ಮೀರಿ ಹೋಗುತ್ತೆ. ಇನ್ನೊಂದು: ತನ್ನ ಮೊದಲೆರಡು ಹೀಟ್ (ತಂಡಕ್ಕೆ ಇಬ್ಬರಂತೆ ನಾಲ್ವರ ಒಂದು ಓಟ) ಗೆದ್ದ ಸವಾರನೇ ಮೂರನೆಯದರಲ್ಲಿ ಕೊನೆಯವನಾಗೋದು ಯಾಕೆ?

ಎಡತಿರುವು
ಸೋತ ತಂಡಕ್ಕೆ ಬಂದಿರೋದು ಬೋನಸ್ ಪಾಯಿಂಟ್. ಇರೋದು 8 ತಂಡ, ಪ್ರತಿ ಜೋಡಿ ಎರಡು ಸಲ ಎದುರಾಗುತ್ತೆ, ಒಂದು ಇವರ ಟ್ರ್ಯಾಕಲ್ಲಿ, ಒಂದು ಅವರ ಟ್ರ್ಯಾಕಲ್ಲಿ. ಎರಡೂ ಪಂದ್ಯದ ಸ್ಕೋರ್ ಕೂಡಿದಾಗ ಯಾರು ಮುಂದಿರ್ತಾರೋ ಅವರಿಗೆ ಇನ್ನೊಂದು ಪಾಯಿಂಟ್. ಉದಾಹರಣೆಗೆ ಟೊರುನ್ ತಂಡ ಲೆಶ್ನೊ ತಂಡವನ್ನ ತನ್ನ ಟ್ರ್ಯಾಕಲ್ಲಿ 52–38 ಗೆದ್ದು, ಲೆಶ್ನೊದಲ್ಲಿ 44–46 ಸೋತರೆ ಒಟ್ಟು 96–84. ಆ ದಿನದ 2 ಲೆಶ್ನೊಗೆ, ಬೋನಸ್ 1 ಟೊರುನ್‌ಗೆ.

ಇದನ್ನ ಸಣ್ಣದು ಅಂದುಕೋಬೇಡಿ. 14 ಪಂದ್ಯಕ್ಕೆ 28, ಬೋನಸ್ 7, ಎಲ್ಲಾ ಗೆದ್ದರೆ 35. ಅಂದ್ರೆ ಐದರಲ್ಲೊಂದು ಪಾಲು ಬೋನಸ್ಸಿಂದ. ಪಂದ್ಯದ ಫಲಿತಾಂಶ 13ನೇ ಹೀಟಿಗೇ ತೀರ್ಮಾನ ಆಗಿದ್ದರೂ 15ನೆಯದರಲ್ಲಿ ಮೂರನೇ ಸ್ಥಾನಕ್ಕೆ ಹ್ಯಾಂಡಲ್‌ಗೆ ಹ್ಯಾಂಡಲ್ ತಾಗಿಸಿಕೊಂಡು ಬರೋದು ಇದಕ್ಕೇ. ಲೀಗಿನ ಸೊಗಸು ಇರೋದೇ ಆ ಒಂದು ಪಾಯಿಂಟಲ್ಲಿ.

ಹೀಟ್‌ಶೀಟ್
10+2ರಲ್ಲಿ 10 ಮಾತ್ರ ತಂಡಕ್ಕೆ. ಹೀಟಿಗೆ 3-2-1-0, ಒಟ್ಟು 6. 15 ಹೀಟಿಗೆ 90. ತನ್ನ ತಂಡದವನ ಬೆನ್ನಿಗೇ ಮುಗಿಸಿ, ಎದುರಾಳಿ ಒಬ್ಬನನ್ನಾದರೂ ಹಿಂದೆ ಹಾಕಿದರೆ ಸವಾರನ ಹೆಸರಿಗೆ +1. ಅದು ಅವನ ಸರಾಸರಿಗೆ ಸೇರುತ್ತೆ, ಸ್ಕೋರಿಗಲ್ಲ. ಜತೆಗಾರನನ್ನೇ ಹಿಂದಿಕ್ಕೋಕೆ ಹೋಗಿ ಎದುರಾಳಿಗೆ ಜಾಗ ಬಿಡಬಾರದು ಅನ್ನೋದೇ ಇದರ ಉದ್ದೇಶ.

2ನೇ ಹೀಟ್ ಗಮನಿಸಿ, ನಾಲ್ವರೂ ಜೂನಿಯರ್‌ಗಳು. ಅಲ್ಲಿ 5–1 ಬಂದರೆ ಆಗಲೇ 4 ಪಾಯಿಂಟ್ ಮುನ್ನಡೆ. 2022, 2023, 2024 ಮೂರೂ ವರ್ಷ ಲುಬ್ಲಿನ್ ಚಾಂಪಿಯನ್. ಅದರಲ್ಲಿ ಕೊನೆಯ ಎರಡು ವರ್ಷ ವಿಶ್ವ ಚಾಂಪಿಯನ್ ಸವಾರ ಜ್ಮಾರ್ಜ್ಲಿಕ್ ಆ ತಂಡದಲ್ಲಿದ್ದ ನಿಜ, ಆದರೆ ಒಬ್ಬ ಸವಾರ ಎಷ್ಟೇ ಚೆನ್ನಾಗಿ ಓಡಿಸಿದರೂ ಹೀಟಿಗೆ 3ಕ್ಕಿಂತ ಹೆಚ್ಚು ತರಲಾರ. ಎರಡನೇ ಸಾಲಿನವರು ತರುವ 1, 2ಗಳೇ ಪಂದ್ಯ ದಾಟಿಸೋದು.

ಮೆಥನಾಲ್
ಮೂರನೇ ಪ್ರಶ್ನೆಗೆ ಉತ್ತರ ಟ್ರ್ಯಾಕಲ್ಲೇ ಇದೆ. ಸಂಜೆ ಶುರುವಿನಲ್ಲಿ ಒಳಗೆರೆ ಹತ್ತಿರವೂ ತೇವದ ಸಡಿಲ ಮಣ್ಣು ಇರುತ್ತೆ. ನಾಲ್ಕು ಸುತ್ತಿಗೆ ನಾಲ್ಕು ಹಿಂದಿನ ಟೈರು ಅದನ್ನ ಹೊರಬೇಲಿಯ ಕಡೆಗೆ ಎರಚುತ್ತವೆ. ಕೆಲವೇ ಹೀಟಿನಲ್ಲಿ ಒಳಭಾಗ ಸವೆದು ನುಣುಪಾಗಿ ಮಿನುಗೋಕೆ ಶುರುವಾಗುತ್ತೆ, ಹಿಡಿತವೆಲ್ಲ ಬೇಲಿ ಪಕ್ಕಕ್ಕೆ ಹೋಗಿರುತ್ತೆ. ಮೊದಲು ಗೆಲ್ಲಿಸಿದ ಒಳದಾರಿಯಲ್ಲೇ ಹೋದವನ ಚಕ್ರ ಸುಮ್ಮನೆ ತಿರುಗುತ್ತೆ, ಬೈಕು ಮುಂದೆ ಹೋಗಲ್ಲ. ನಡುನಡುವೆ ಟ್ರ್ಯಾಕ್ಟರ್ ಬಂದು ಮಣ್ಣನ್ನ ಒಳಗೆಳೆದರೆ ಮತ್ತೆ ಲೆಕ್ಕ ಬದಲು.

ಬೈಕಿಗೆ ಬ್ರೇಕ್ ಇಲ್ಲ, ಓಡ್ತಾ ಗೇರ್ ಬದಲಿಸೋ ಹಾಗೂ ಇಲ್ಲ. ಹಾಗಾಗಿ ಮೆಕ್ಯಾನಿಕ್ ಹಿಂದಿನ ಸ್ಪ್ರಾಕೆಟ್ಟನ್ನೇ (ಚೈನ್ ಕೂರೋ ಹಲ್ಲುಚಕ್ರ) ಬದಲಿಸ್ತಾನೆ. ಒಂದು ಹಲ್ಲು ಹೆಚ್ಚಿಸಿದರೆ ಎಳೆತ ಹೆಚ್ಚು, ಆದರೆ ನೇರ ದಾರಿಯಲ್ಲಿ ಎಂಜಿನ್ ಬೇಗ ಕಿರುಚುತ್ತೆ. ಒಂದು ಹಲ್ಲು ಇಳಿಸಿದರೆ ನುಣುಪು ನೆಲದಲ್ಲಿ ಚಕ್ರ ಕಡಿಮೆ ಜಾರುತ್ತೆ, ಸ್ಟಾರ್ಟ್ ಮಂದ. ಕತ್ತಲಾಗಿ ಗಾಳಿ ತಣ್ಣಗಾದರೆ ಸಾಂದ್ರತೆ ಏರುತ್ತೆ, ಇಂಧನವಾದ ಮೆಥನಾಲ್ ಹೆಚ್ಚು ಬೇಕು. ಕಾರ್ಬುರೇಟರ್ ಜೆಟ್ (ಇಂಧನ ಹಾಯೋ ತೂತಿನ ಬಿಡಿಭಾಗ) ಒಂದು ನಂಬರ್ ದೊಡ್ಡದು ಹಾಕ್ತಾರೆ. ಹಾಕದಿದ್ದರೆ ಮಿಶ್ರಣ ತೆಳುವಾಗಿ ಎಂಜಿನ್ ಬಿಸಿಯೇರುತ್ತೆ.

ಕ್ಲಚ್ಚನ್ನೂ ನೋಡಿ. ಸ್ಟಾರ್ಟ್ ತಡವಾಗಿ, ಸವಾರ ಕ್ಲಚ್ ಹಿಡಿದು ಥ್ರಾಟಲ್ ಎತ್ತಿಕೊಂಡೇ ಕಾದರೆ ಪ್ಲೇಟುಗಳು ಕಾದು ಪೂರ್ತಿ ಬಿಡಲ್ಲ. ಬೈಕು ತಾನಾಗೇ ಇಂಚಿಂಚು ಜರುಗಿ ಸ್ಟಾರ್ಟ್ ಗೆರೆಗೆ ಅಡ್ಡ ಕಟ್ಟಿದ ಟೇಪಿಗೆ ತಾಗಿದರೆ ಆ ಹೀಟಿನಿಂದ ಹೊರಗೆ.

ಕೆಮ್ಮಣ್ಣು500
ಲೆಕ್ಕ ಈಗ ಸರಿಹೋಯ್ತು, ಮೂವರಿಗೂ ಧನ್ಯವಾದ. ಹಿಂದೆ ಬಿದ್ದ ತಂಡ ಮಧ್ಯದಲ್ಲಿ ಒಳ್ಳೆ ಸವಾರನನ್ನ ಇನ್ನೊಬ್ಬನ ಜಾಗಕ್ಕೆ ಇಳಿಸುತ್ತಲ್ಲ, ಅದು ಯಾವಾಗ ಬೇಕಾದ್ರೂ ಆಗುತ್ತಾ?

ಹೀಟ್‌ಶೀಟ್
ಇಲ್ಲ. ಕನಿಷ್ಠ 6 ಪಾಯಿಂಟ್ ಹಿಂದಿರಬೇಕು, ಆಗ ಮಾತ್ರ. 4 ಹಿಂದಿದ್ದರೆ ಕೋಚ್ ಕೈಕಟ್ಟಿ ನಿಲ್ಲಬೇಕು.