ಹಾರುವ ಮುಂಚಿನ ಆ ಬಾಗಿಗೆ ‘ಹವಣಿಕೆ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕಾಗಿದೆ.

ಕೋತಿ ಗೋಡೆಯಿಂದ ಹಾರುವ ಮುಂಚೆ ಒಂದು ಕ್ಷಣ ಕುಗ್ಗುತ್ತದಲ್ಲ, ಸೊಂಟ ಇಳಿಸಿ, ಕೈ ಹಿಂದಕ್ಕೆ ತಂದು, ಹೋಗಬೇಕಾದ ದಿಕ್ಕಿಗೆ ಉಲ್ಟಾ ಮೈ ಎಳೆದುಕೊಳ್ಳುತ್ತದಲ್ಲ, ಅದಕ್ಕೆ ಕನ್ನಡದಲ್ಲಿ ಏನನ್ನುತ್ತೀರಿ? ಕೋತಿಗೆ ಮಾತ್ರ ಅಲ್ಲ. ಕಲ್ಲು ಬೀಸುವ ಮುಂಚೆ ಕೈ ಹಿಂದಕ್ಕೆ ಹೋಗುತ್ತದೆ. ಸೌದೆ ಒಡೆಯುವ ಮುಂಚೆ ಕೊಡಲಿ ಮೇಲಕ್ಕೆ ಏಳುತ್ತದೆ. ಕುರ್ಚಿಯಿಂದ ಏಳುವ ಮುಂಚೆ ಎದೆ ಮುಂದಕ್ಕೆ ಬಾಗುತ್ತದೆ. ಅನಿಮೇಷನ್ ಕೆಲಸದವರು ಇದಕ್ಕೆಲ್ಲ ಸೇರಿಸಿ ‘ಆಂಟಿಸಿಪೇಷನ್’ ಅನ್ನುತ್ತಾರೆ. ಡಿಸ್ನಿ ಸ್ಟುಡಿಯೋದಲ್ಲಿ ಹಳಬರಾಗಿದ್ದ ಫ್ರಾಂಕ್ ಥಾಮಸ್ ಮತ್ತು ಆಲಿ ಜಾನ್‌ಸ್ಟನ್ 1981ರ ತಮ್ಮ ಪುಸ್ತಕದಲ್ಲಿ ಅನಿಮೇಷನ್ನಿನ 12 ಸೂತ್ರಗಳನ್ನು ಬರೆದಿಟ್ಟರು, ಅದರಲ್ಲಿ ಎರಡನೆಯದೇ ಇದು. ನನಗೆ ಬೇಕಿರೋದು ಇದಕ್ಕೆ ಒಂದು ಕನ್ನಡ ಮಾತು. ಪಾಠದ ಪುಸ್ತಕಕ್ಕಲ್ಲ, ಕೆಲಸಕ್ಕೆ.

ಕೆಲಸ ಏನು ಅಂತ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಯಾಕಪ್ಪಾ ಇವನಿಗೆ ಇಷ್ಟು ತಲೆನೋವು ಅನ್ನಿಸಬಹುದು. ತುಮಕೂರು ನನ್ನೂರು. ಬೆಂಗಳೂರಿನ ಒಂದು ಸ್ಟುಡಿಯೋಗೆ ಸೇರಿ ಜಾಸ್ತಿ ದಿನ ಆಗಿಲ್ಲ. ಅಲ್ಲಿ ನನ್ನ ಪಾಲಿಗೆ ಬರೋದು ಬೇರೆಯವರು ಬರೆದ ಪಾತ್ರಗಳ ಕೈಕಾಲು ಅಲ್ಲಾಡಿಸುವ ಕೆಲಸ. ಹಾಗಾಗಿ ರೈಲಲ್ಲಿ ಹೋಗ್ತಾ ಬರ್ತಾ ಸ್ಕೆಚ್ ಹಾಕುತ್ತೇನೆ, ರಾತ್ರಿ ಒಂದಿಷ್ಟು ಹೊತ್ತು ಸ್ವಂತದ್ದೊಂದು ಪುಟ್ಟ ಚಿತ್ರ ಮಾಡುತ್ತೇನೆ. ಕಥೆ ಬಹಳ ಸರಳ. ದೇವರಾಯನದುರ್ಗದಲ್ಲಿ ಮೇಲಿನ ಯೋಗನರಸಿಂಹನ ಗುಡಿಗೆ ಹತ್ತುವ ಮೆಟ್ಟಿಲ ಹತ್ತಿರ ಒಬ್ಬ ಅಜ್ಜಿ ಹಣ್ಣುಕಾಯಿ ಕವರ್ ಹಿಡಿದು ಬರುತ್ತಾರೆ, ಒಂದು ಕೋತಿ ಅದನ್ನು ಕಿತ್ತುಕೊಳ್ಳುತ್ತದೆ, ಅಜ್ಜಿ ಅದನ್ನು ವಾಪಸ್ ಕಿತ್ತುಕೊಳ್ಳುತ್ತಾರೆ. ಅಷ್ಟೇ. ಅಲ್ಲಿಗೆ ಹೋದವರಿಗೆ ಆ ಕೋತಿಗಳ ಪರಿಚಯ ಇದ್ದೇ ಇರುತ್ತದೆ.

ಇದರಲ್ಲಿ ನನ್ನ ಜೊತೆ ಇರೋನು ದೊಡ್ಡಪ್ಪನ ಮಗ. ಗುಬ್ಬಿಯಲ್ಲಿ ಲಾರಿ, ಅಂಗಡಿ ಬೋರ್ಡು ಬರೆಯುವ ಪೇಂಟರ್. ಫ್ಲೆಕ್ಸ್ ಬಂದಮೇಲೆ ಕೆಲಸ ಕಮ್ಮಿ ಆಗಿದೆ, ಆದರೆ ಕೈ ಮಾತ್ರ ಹಾಗೇ ಇದೆ. ಲಾರಿ ಹಿಂದೆ ಹುಲಿ ಬರೆದರೆ ಹುಲಿಯ ಮೈತೂಕ ಕಾಣುತ್ತದೆ, ನನಗೆ ಇನ್ನೂ ಅದು ಬಂದಿಲ್ಲ. ನಾನು ಸ್ಟೋರಿಬೋರ್ಡಿನ, ಅಂದರೆ ಕಥೆಯನ್ನು ಚೌಕ ಚೌಕವಾಗಿ ಬರೆದ ಚಿತ್ರಗಳ, ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸುತ್ತೇನೆ, ಒಂದೊಂದು ಚೌಕದ ಕೆಳಗೂ ಏನಾಗಬೇಕು ಅಂತ ಕನ್ನಡದಲ್ಲಿ ಬರೆದಿರುತ್ತೇನೆ, ಅಣ್ಣ ಅದನ್ನು ನೋಡಿ ಮುಖ್ಯ ಭಂಗಿಗಳನ್ನು ಬರೆದು ಕಳಿಸುತ್ತಾನೆ. ಡಿಕ್ಷನರಿಯಲ್ಲಿ ಆಂಟಿಸಿಪೇಷನ್‌ಗೆ ‘ನಿರೀಕ್ಷೆ’ ಅಂತ ಇದೆ. ಒಂದು ಚೌಕದ ಕೆಳಗೆ ಅದನ್ನೇ ಬರೆದು ಕಳಿಸಿದೆ. ಅಣ್ಣ ಕಳಿಸಿದ ಚಿತ್ರದಲ್ಲಿ ಕೋತಿ ಕೆನ್ನೆಗೆ ಕೈ ಕೊಟ್ಟು ಕೂತು ದಾರಿ ನೋಡುತ್ತಿತ್ತು. ಕೆಳಗೆ ಅವನ ಪ್ರಶ್ನೆ: ‘ಯಾರಿಗೋ ಕಾಯ್ತಾ ಇದೆ ಅಂದ್ಯಲ್ಲ, ಯಾರಿಗೆ?’ ಚಿತ್ರ ಎಷ್ಟು ಚೆನ್ನಾಗಿತ್ತು ಅಂದರೆ ಅದನ್ನು ಬೇರೆ ಕಡೆ ಸೇರಿಸಿಕೊಂಡಿದ್ದೇನೆ, ಆ ಮಾತು ಬೇರೆ.

ಅಣ್ಣ ಓದಿದ್ದು ಸರಿಯಾಗೇ ಓದಿದ್ದಾನೆ. ಕನ್ನಡದಲ್ಲಿ ನಿರೀಕ್ಷೆ ಅಂದರೆ ಕಾಯೋದೇ. ತೊಡಕಿರೋದು ಆ ಇಂಗ್ಲಿಷ್ ಪದದಲ್ಲಿ, ಅದರೊಳಗೆ ಎರಡು ಸಂಗತಿ ಒಟ್ಟಿಗೆ ಕೂತಿವೆ. ಒಂದು, ಮೈಗೆ ಬೇಕಾದದ್ದು. ನೇರ ನಿಂತವನು ಮೊಣಕಾಲು ಬಗ್ಗಿಸದೆ ಹಾರಲಾರ, ನೀವೇ ಎದ್ದು ನಿಂತು ನೋಡಿ. ಇನ್ನೊಂದು, ನೋಡುವವರ ಕಣ್ಣಿಗೆ ಬೇಕಾದದ್ದು. ಏನೋ ಆಗಲಿಕ್ಕಿದೆ ಅಂತ ಕಣ್ಣು ಅಲ್ಲಿಗೆ ಹೋಗಿರಬೇಕು, ಇಲ್ಲದಿದ್ದರೆ ಹಾರಿದ್ದು ಯಾವಾಗ ಅಂತಲೇ ಗೊತ್ತಾಗಲ್ಲ. ಸಿನಿಮಾ ಲೆಕ್ಕದಲ್ಲಿ ಸೆಕೆಂಡಿಗೆ 24 ಫ್ರೇಮ್, ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮ್ ನಿಲ್ಲಿಸಿದರೆ ಸೆಕೆಂಡಿಗೆ 12 ಚಿತ್ರ. ಕೋತಿಯ ಹಾರಾಟ ಗಾಳಿಯಲ್ಲಿ ಮೂರು ಚಿತ್ರಕ್ಕೆ ಮುಗಿದುಹೋಗುತ್ತದೆ, ಅಂದರೆ ಕಾಲು ಸೆಕೆಂಡು. ಅದಕ್ಕೆ ಮುಂಚಿನ ಆ ಕುಗ್ಗುವಿಕೆಗೆ ನಾನು ಆರು ಚಿತ್ರ ಕೊಟ್ಟಿದ್ದೇನೆ, ಅರ್ಧ ಸೆಕೆಂಡು. ಹಾರೋದಕ್ಕಿಂತ ಹಾರುವ ಮುಂಚಿನದ್ದೇ ಜಾಸ್ತಿ ಹೊತ್ತು. ಆ ಆರು ಚಿತ್ರ ತೆಗೆದು ಓಡಿಸಿ ನೋಡಿದರೆ ಕೋತಿ ತಾನಾಗಿ ಹಾರಿದ್ದು ಅನ್ನಿಸೋದೇ ಇಲ್ಲ, ಯಾರೋ ದಾರ ಕಟ್ಟಿ ಎಳೆದಂತೆ ಕಾಣುತ್ತದೆ.

ಹಾಗಾಗಿ ನಿರೀಕ್ಷೆ ನೋಡುವವರದ್ದು. ನನಗೆ ಬೇಕಿರೋದು ಕೋತಿಯ ಮೈಯಲ್ಲಿ ಆಗೋದಕ್ಕೆ ಹೆಸರು. ‘ಮುನ್ಸೂಚನೆ’ ಅಂತ ಸ್ನೇಹಿತರೊಬ್ಬರು ಹೇಳಿದರು, ಅದೂ ನೋಡುವವರ ಕಡೆಯದ್ದೇ, ಮೇಲಾಗಿ ಮಳೆ ಬರೋ ಸುದ್ದಿ ನೆನಪಾಗುತ್ತದೆ.

ವಿಚಿತ್ರ ಅಂದರೆ ಕನ್ನಡದಲ್ಲಿ ಇಂಥ ಮಾತುಗಳಿಗೆ ಬರವೇ ಇಲ್ಲ. ಜಗಳಕ್ಕೆ ಕಾಲು ಕೆರೆದುಕೊಂಡು ಬಂದ ಅನ್ನುತ್ತೇವೆ, ಗೂಳಿ ನುಗ್ಗುವ ಮುಂಚೆ ಮಾಡೋದು ಅದನ್ನೇ. ತೊಡೆ ತಟ್ಟೋದು, ತೋಳೇರಿಸೋದು, ಟೊಂಕ ಕಟ್ಟೋದು, ಎಲ್ಲ ಕೆಲಸಕ್ಕೆ ಮುಂಚಿನ ಮೈಮಾತುಗಳೇ. ಟಗರು ಹಿಂದೆ ಸರಿದರೆ ಹೆದರಿತು ಅಂದುಕೊಳ್ಳಬೇಡ, ಗುದ್ದೋಕೆ ಅದು ಅಂತ ನಮ್ಮ ಕಡೆ ಹಿರಿಯರು ಹೇಳುತ್ತಿರುತ್ತಾರೆ. ಅನಿಮೇಷನ್ ಕ್ಲಾಸಲ್ಲಿ ಗಂಟೆಗಟ್ಟಲೆ ಹೇಳಿದ್ದು ಈ ಒಂದು ಮಾತಲ್ಲಿ ಇದೆ. ಆದರೆ ಇವೆಲ್ಲ ಒಂದೊಂದು ಸಂದರ್ಭಕ್ಕೆ ಕಟ್ಟಿದವು. ಟಗರಿಗೂ, ಕೋತಿಗೂ, ಕವರ್ ವಾಪಸ್ ಕಿತ್ತುಕೊಳ್ಳುವ ಅಜ್ಜಿಗೂ ಒಂದೇ ಸಲಕ್ಕೆ ಒಗ್ಗುವ ಹೆಸರು ಸಿಗುತ್ತಿಲ್ಲ.

ನಾನು ತೂಗಿ ನೋಡಿದ ಪದಗಳನ್ನು ಹೇಳುತ್ತೇನೆ.

‘ತಯಾರಿ’, ‘ಸಿದ್ಧತೆ’ ಎರಡೂ ತುಂಬ ದೊಡ್ಡವು. ಮದುವೆಗೆ ತಯಾರಿ, ಪರೀಕ್ಷೆಗೆ ತಯಾರಿ. ಅರ್ಧ ಸೆಕೆಂಡಿನ ಬಾಗಿಗೆ ಆ ಪದ ದೊಗಲೆ. ‘ಸನ್ನಾಹ’ ಅರ್ಥದಲ್ಲಿ ಹತ್ತಿರ ಬರುತ್ತದೆ, ಹೊರಡುವ ಸನ್ನಾಹದಲ್ಲಿದ್ದ ಅನ್ನುತ್ತೇವಲ್ಲ, ಆದರೆ ಅಣ್ಣನ ಜೊತೆ ಮಾತಾಡುವಾಗ ಸನ್ನಾಹ ಅಂದರೆ ಅವನು ನನ್ನ ಮುಖ ನೋಡುತ್ತಾನೆ. ‘ಅಣಿ’ ಚಿಕ್ಕದಾಗಿದೆ, ಚೊಕ್ಕವಾಗಿದೆ. ಆದರೆ ಅಣಿಯಾಗೋದು ಅಂದರೆ ಸಜ್ಜಾಗಿ ನಿಂತಿರೋದು, ಅದರಲ್ಲಿ ಚಲನೆ ಇಲ್ಲ.

‘ಹೊಂಚು’ ಬಹಳ ಇಷ್ಟವಾಗಿತ್ತು. ಕೋತಿಗೆ ಹೇಳಿ ಮಾಡಿಸಿದ ಪದ. ಆದರೆ ಹೊಂಚಿನಲ್ಲಿ ಒಳಗೊಂದು ಉದ್ದೇಶ ಇದೆ, ಕಳ್ಳತನ ಇದೆ, ಇನ್ನೊಬ್ಬರ ಕಣ್ಣಿಗೆ ಬೀಳಬಾರದು ಅನ್ನೋದಿದೆ. ನನ್ನ ಬೋರ್ಡಿನಲ್ಲಿ ಹೊಂಚು ಹಾಕೋದಕ್ಕೇ ಬೇರೆ ಚೌಕ ಇದೆ. ಅಲ್ಲಿ ಕೋತಿ ಆ ಕಡೆ ಎಲ್ಲೋ ನೋಡುತ್ತಾ ತಲೆ ಕೆರೆದುಕೊಳ್ಳುತ್ತದೆ, ಕಣ್ಣಂಚಲ್ಲಿ ಮಾತ್ರ ಕವರ್ ಕಾಣುತ್ತಿದೆ. ಮುಂದಿನ ಚೌಕದಲ್ಲಿ ಈ ಬಾಗು. ಎರಡಕ್ಕೂ ಒಂದೇ ಪದ ಇಟ್ಟರೆ ಅಣ್ಣ ಮತ್ತೆ ಕೇಳುತ್ತಾನೆ. ಜೊತೆಗೆ ಕುರ್ಚಿಯಿಂದ ಏಳುವ ತಾತ ಹೊಂಚು ಹಾಕುತ್ತಿಲ್ಲ ಅಲ್ವಾ.

‘ಜೀಕು’ ಅಂತ ಒಂದು ನೆನಪಾಯಿತು. ಉಯ್ಯಾಲೆ ಜೀಕೋದು. ಹಿಂದಕ್ಕೆ ಹೋಗಿ ಮುಂದಕ್ಕೆ ಬರುವ ಬೀಸು ಅದರಲ್ಲಿ ಚೆನ್ನಾಗಿದೆ, ಸಣ್ಣ ಮಕ್ಕಳಿಗೂ ಗೊತ್ತು. ಆದರೆ ಜೀಕಿದ್ದು ಮತ್ತೆ ಮತ್ತೆ ಆಗುತ್ತದೆ. ಒಂದೇ ಸಲ ಹಿಂದೆ ಹೋಗಿ ಚಿಮ್ಮೋದಕ್ಕೆ ಅದು ಹೊಂದಲ್ಲ ಅನ್ನಿಸಿತು. ನಿಮ್ಮಲ್ಲಿ ಯಾರಾದರೂ ಉಯ್ಯಾಲೆ ಬಿಟ್ಟು ಬೇರೆ ಕಡೆ ಜೀಕು ಬಳಸುತ್ತೀರಾ?

ಇನ್ನು ‘ಹವಣಿಕೆ’. ಸದ್ಯಕ್ಕೆ ನನ್ನ ವೋಟು ಇದಕ್ಕೇ. ಹವಣಿಸು ಅಂದರೆ ಮಾಡಲು ಸಿದ್ಧವಾಗು, ಮಾಡಲಿಕ್ಕೆ ನೋಡು. ಹಾರಲು ಹವಣಿಸುತ್ತಿದೆ ಅಂದರೆ ಇನ್ನೂ ಹಾರಿಲ್ಲ, ಆದರೆ ಮೈ ಆಗಲೇ ಅದರಲ್ಲಿದೆ. ನನಗೆ ಬೇಕಾದ ಜಾಗ ಅದೇ. ಇನ್ನೊಂದು ಕಾರಣವೂ ಇದೆ. ಹವಣು ಅನ್ನೋದು ಹಳಗನ್ನಡದ ಪವಣ್, ಅದಕ್ಕೆ ಅಳತೆ, ಪ್ರಮಾಣ ಅನ್ನೋ ಅರ್ಥವೂ ಇದೆ. ಈ ಬಾಗಿನ ಇಡೀ ಆಟವೇ ಅಳತೆಯದು. ಭಾರದ ಮೈಗೆ ಜಾಸ್ತಿ, ಹಗುರಕ್ಕೆ ಕಮ್ಮಿ. ಕೋಪಕ್ಕೆ ಜಾಸ್ತಿ, ಸುಮ್ನೆ ತಿರುಗಿ ನೋಡೋದಕ್ಕೆ ಸ್ವಲ್ಪ. ಅಜ್ಜಿ ಕವರ್ ಕಿತ್ತುಕೊಳ್ಳೋ ಕಡೆ ನಾನು ಬೇಕಂತಲೇ ಬರೀ ಎರಡು ಚಿತ್ರ ಕೊಟ್ಟಿದ್ದೇನೆ, ಕೋತಿಗೂ ನೋಡುವವರಿಗೂ ಗೊತ್ತಾಗುವಷ್ಟರಲ್ಲಿ ಕವರ್ ಅಜ್ಜಿ ಕೈಲಿರಬೇಕು ಅಂತ. ಹವಣು ತಪ್ಪಿದರೆ ನಗು ಬರಲ್ಲ.

ಪದ ಕೆಲಸಕ್ಕೆ ಬರುತ್ತದಾ ಅಂತ ನೋಡಲು ಒಂದು ದಾರಿ ಮಾಡಿಕೊಂಡಿದ್ದೇನೆ. ಸ್ಟುಡಿಯೋದಲ್ಲಿ ದಿನಾ ಕೇಳುವ ಮಾತುಗಳಲ್ಲಿ ಅದನ್ನು ಕೂರಿಸಿ ನೋಡೋದು. ‘ಇಲ್ಲಿ ಹವಣಿಕೆ ಸಾಲದು, ಇನ್ನೆರಡು ಫ್ರೇಮ್ ಕೊಡು.’ ‘ಹವಣಿಕೆ ಜಾಸ್ತಿ ಆಯ್ತು, ಎಳೀತಾ ಇದೆ.’ ‘ಹವಣಿಕೆನೇ ಇಲ್ವಲ್ಲೋ.’ ಮೂರೂ ಕಡೆ ಕೂತಿತು. ಸನ್ನಾಹ ಹಾಕಿ ಇದೇ ಮೂರು ವಾಕ್ಯ ಹೇಳಿ ನೋಡಿ, ನಾಟಕದ ಸ್ಟೇಜ್ ಹತ್ತಿದ ಹಾಗಾಗುತ್ತದೆ.

ಅನುಮಾನ ಇರೋದು ಪೇಪರ್ ಭಾಷೆಯಿಂದ. ಅಧಿಕಾರ ಹಿಡಿಯಲು ಹವಣಿಸುತ್ತಿದ್ದಾರೆ, ಜಾಗ ಕಬಳಿಸಲು ಹವಣಿಸುತ್ತಿದ್ದಾರೆ ಅಂತ ಓದಿ ಓದಿ ಹವಣಿಸೋದಕ್ಕೆ ಒಂಥರಾ ದುರಾಸೆಯ ವಾಸನೆ ಅಂಟಿಕೊಂಡಿದೆ. ಕೋತಿಗೆ ಪರವಾಗಿಲ್ಲ. ಅಂಬೆಗಾಲಿಡುವ ಮಗು ಎದ್ದು ನಿಲ್ಲಲು ಹವಣಿಸುತ್ತಿದೆ ಅಂದರೆ ನಿಮಗೆ ಸರಿ ಕೇಳಿಸುತ್ತದಾ? ನನಗೆ ಸರಿಯಾಗೇ ಕೇಳಿಸುತ್ತದೆ, ಆದರೆ ಇಷ್ಟು ಹೊತ್ತು ಒಂದೇ ಪದ ಮೂಸಿ ಮೂಸಿ ಈಗ ನನ್ನ ಕಿವಿ ಮೇಲೆ ನನಗೇ ಭರವಸೆ ಇಲ್ಲ.

ಇದರ ಜೊತೆ ಬಂದ ಬೇರೆ ಪದಗಳನ್ನು ಬೇಗ ಮುಗಿಸುತ್ತೇನೆ. ಫ್ರೇಮ್, ಕೀ, ಲೇಯರ್ ಇವಕ್ಕೆ ಕನ್ನಡ ಹುಡುಕುವ ಆಸೆ ನನಗಿಲ್ಲ, ಇದ್ದ ಹಾಗೇ ಇರಲಿ. ಸ್ಟೋರಿಬೋರ್ಡಿಗೆ ‘ಕಥಾಫಲಕ’ ಅಂದರೆ ಅಣ್ಣ ಕಬ್ಬಿಣದ ತಗಡು ತಂದು ಪ್ರೈಮರ್ ಹೊಡೆದುಬಿಡುತ್ತಾನೆ. ‘ಕಥೆಪಟ್ಟಿ’ ಅಂದರೆ ಕಥೆಗಳ ಲಿಸ್ಟು. ಹೊಯ್ಸಳ ಗುಡಿಗಳ ಬಗ್ಗೆ ಬರೆಯುವವರು ‘ಪಟ್ಟಿಕೆ’ ಅನ್ನುತ್ತಾರಲ್ಲ, ಹಳೇಬೀಡಿನ ಗೋಡೆಯಲ್ಲಿ ರಾಮಾಯಣ, ಮಹಾಭಾರತ ಸಾಲಾಗಿ ಕೆತ್ತಿದ್ದು, ಅದು ಒಂದು ಮಟ್ಟಿಗೆ ಸ್ಟೋರಿಬೋರ್ಡೇ, ಒಂದೇ ಪಾತ್ರ ಮುಂದಮುಂದಕ್ಕೆ ಮತ್ತೆ ಮತ್ತೆ ಬರುತ್ತದೆ. ಆದರೆ 1930ರ ದಶಕದ ಮೊದಲಲ್ಲಿ ಡಿಸ್ನಿಯವರು ಈ ಪದ್ಧತಿ ಹಿಡಿದದ್ದೇ ಚಿತ್ರಗಳನ್ನು ಹಲಗೆಗೆ ಪಿನ್ ಮಾಡಿ, ಬೇಡದ್ದನ್ನು ಕಿತ್ತು, ಹಿಂದೆಮುಂದೆ ಮಾಡೋದಕ್ಕೆ. ಕಲ್ಲಿನ ಪಟ್ಟಿಕೆಯಲ್ಲಿ ಅದು ಆಗಲ್ಲ. ಬೋರ್ಡ್ ಅನ್ನೋದು ಹೇಗೂ ಕನ್ನಡವೇ ಆಗಿದೆ, ಬಿಡಿ.

‘ಸ್ಕ್ವಾಷ್ ಅಂಡ್ ಸ್ಟ್ರೆಚ್’ ಅನ್ನೋದಕ್ಕೆ ಹಿಗ್ಗು ಕುಗ್ಗು ಅಂತ ತಟ್ಟನೆ ಬಾಯಿಗೆ ಬರುತ್ತದೆ. ಕೇಳೋಕೆ ಚೆಂದ. ಆದರೆ ಹಿಗ್ಗಿದರೆ ದೊಡ್ಡದಾಗಬೇಕು, ಕುಗ್ಗಿದರೆ ಚಿಕ್ಕದಾಗಬೇಕು. ಇಲ್ಲಿ ನಿಯಮವೇ ಬೇರೆ. ಚೆಂಡು ನೆಲಕ್ಕೆ ಬಡಿದು ಚಪ್ಪಟೆಯಾದರೆ ಅಷ್ಟೇ ಅಗಲಕ್ಕೆ ಹೋಗಬೇಕು, ಒಟ್ಟು ಗಾತ್ರ ಬದಲಾಗಬಾರದು. ಅದಕ್ಕೆ ‘ಅಮುಕು, ಎಳೆ’ ಅಂತ ಬರೆಯುತ್ತಿದ್ದೇನೆ. ಅಣ್ಣನಿಗೆ ಅರ್ಥವಾಗಿದೆ.

ಆದರೆ ‘ಇನ್‌ಬಿಟ್ವೀನ್’ ಇನ್ನೂ ಬಗೆಹರಿದಿಲ್ಲ. ಎರಡು ಮುಖ್ಯ ಚಿತ್ರಗಳ ಮಧ್ಯೆ ಬರುವವು. ‘ನಡುಚಿತ್ರ’ ಅಂದರೆ ಸರಿಯಾಗಿ ಅರ್ಧಕ್ಕೆ ಬರೆಯಬೇಕು ಅನ್ನಿಸುತ್ತದೆ, ಎಲ್ಲವನ್ನೂ ಸಮ ಅಂತರದಲ್ಲಿ ಬರೆದರೆ ಚಲನೆ ಸಪ್ಪೆ. ಒಂದು ತುದಿಯ ಹತ್ತಿರ ಒತ್ತೊತ್ತಾಗಿ ಬರೆದರೆ ಅಲ್ಲಿ ನಿಧಾನವಾಗುತ್ತದೆ, ದೂರದೂರ ಬರೆದರೆ ಜೋರಾಗುತ್ತದೆ. ‘ಎಡೆಚಿತ್ರ’ ಅಂತ ಹೊಸದಾಗಿ ಕಟ್ಟಬಹುದು, ಆದರೆ ನಮ್ಮ ಮನೆಗಳಲ್ಲಿ ಎಡೆ ಅಂದರೆ ಹಬ್ಬದ ದಿನ ದೇವರ ಮುಂದೆ ಬಡಿಸಿಡೋದು. ‘ತುಂಬೋ ಚಿತ್ರ’ ಅಂದೆ, ಪೇಂಟರಿಗೆ ತುಂಬೋದು ಅಂದರೆ ಬಣ್ಣ. ಯಾರಿಗಾದರೂ ಬೇರೆ ಹೊಳೆದರೆ ಹೇಳಿ.

ಕೊನೆಗೆ ಕೇಳಬೇಕಾದದ್ದು ಇಷ್ಟು. ಮೂಡಲಪಾಯ ಕುಣಿಯುವವರಲ್ಲಿ, ಗರಡಿಯಲ್ಲಿ ಸಾಮು ಮಾಡಿದವರಲ್ಲಿ, ತೊಗಲುಗೊಂಬೆ ಆಡಿಸುವವರಲ್ಲಿ ಹಾರುವ, ಹೊಡೆಯುವ, ತಿರುಗುವ ಮುಂಚಿನ ಈ ಹಿಂದೆಳೆತಕ್ಕೆ ಹೆಸರಿದೆಯಾ? ಕಲಿಸುವಾಗ ಏನಂತ ಕೂಗಿ ಹೇಳುತ್ತಾರೆ? ಪಾವಗಡ, ಮಧುಗಿರಿ ಕಡೆಯವರು, ಮನೆಯಲ್ಲಿ ತೆಲುಗು ಮಾತಾಡುವವರು, ಗೋಲಿ, ಚಿನ್ನಿದಾಂಡು ಆಡುವಾಗ ಬಳಸುತ್ತಿದ್ದ ಮಾತಿದ್ದರೆ ಅದನ್ನೂ ಹೇಳಿ, ತೆಲುಗಿನದ್ದಾದರೂ ಪರವಾಗಿಲ್ಲ. ಬರೀ ಪದ ಕೊಡಬೇಡಿ, ದಯವಿಟ್ಟು ಒಂದು ವಾಕ್ಯದಲ್ಲಿ ಹಾಕಿ ಕೊಡಿ, ಯಾರು ಯಾರಿಗೆ ಯಾವಾಗ ಹೇಳುತ್ತಾರೆ ಅಂತ. ಕೋತಿ, ಅಜ್ಜಿ ಇರುವ ಚೌಕಗಳ ಸ್ಕೆಚ್ ಬೇಕಾದವರು ಕೇಳಿ, ಕಳಿಸುತ್ತೇನೆ. ಅಲ್ಲಿವರೆಗೂ ಅಣ್ಣನಿಗೆ ಹವಣಿಕೆ ಅಂತಲೇ ಬರೆದು ಕಳಿಸುತ್ತಿರುತ್ತೇನೆ.