ಆಫೀಸಿನ ಹಳೇ ಕೇಸ್ ಸಾಫ್ಟ್‌ವೇರ್ ಬಿಟ್ಟವರು ಇದ್ದೀರಾ? ಅನುಭವ ಹೇಳಿ

ಜೂನಿಯರ್ ವಕೀಲೆ, ಶಿವಮೊಗ್ಗ:
ನಮ್ಮ ಸೀನಿಯರ್ ಹದಿನೈದು ವರ್ಷದ ಹಿಂದೆ ಹಾಕಿಸಿದ ಕೇಸ್ ಸಾಫ್ಟ್‌ವೇರ್ ವಿಂಡೋಸ್ 7 ಇರೋ ಒಂದೇ ಕಂಪ್ಯೂಟರಲ್ಲಿ ಓಡುತ್ತೆ. ಡಾಂಗಲ್, ಅಂದ್ರೆ ಪೆನ್‌ಡ್ರೈವ್ ಥರದ ಕೀಲಿ, ಚುಚ್ಚದೆ ತೆರೆಯಲ್ಲ. ಮಾರಿದವರು ಫೋನ್ ಎತ್ತಲ್ಲ. ಸೀನಿಯರ್ ಕೇಳಿದ್ರೆ "ನಡೀತಾ ಇದೆಯಲ್ಲ, ಬಿಡಮ್ಮ" ಅಂತಾರೆ. ಏನು ಮಾಡಲಿ?

ಗುಮಾಸ್ತ, ತೀರ್ಥಹಳ್ಳಿ:
ಮೇಡಂ, ನಮ್ಮಲ್ಲೂ ಇದೇ ಮಾತಲ್ಲಿ ಎಂಟು ವರ್ಷ ಕಳೀತು. ಕಡೆಗೆ ಆಷಾಢದ ಒಂದು ಮಧ್ಯಾಹ್ನ, ಮಳೆಗೆ ಕರೆಂಟ್ ಹೋಗಿ ಬಂದು, ಹೋಗಿ ಬಂದು, ಯುಪಿಎಸ್ ಕೂಗಿ ಕೂಗಿ ಸುಮ್ಮನಾಯ್ತು. ಆಮೇಲೆ ಕಂಪ್ಯೂಟರ್ ಎದ್ದಿತು, ಡಾಂಗಲ್ ದೀಪ ಹತ್ತಲೇ ಇಲ್ಲ. ಮಾರನೇ ದಿನ ಹನ್ನೊಂದು ಕೇಸು! ನಾನು ಹಟಕ್ಕೆ ಬಿದ್ದು ಬರೀತಿದ್ದ ಕೆಂಪು ರಟ್ಟಿನ ಡೈರಿ ಇಲ್ಲದಿದ್ರೆ ಯಾರು ಯಾವ ಕೋರ್ಟಿಗೆ ಹೋಗಬೇಕು ಅನ್ನೋದೇ ಗೊತ್ತಾಗ್ತಿರಲಿಲ್ಲ.

ಹೊಸದು ಯಾವುದು ತಗೋಬೇಕು ಅನ್ನೋದು ಆಮೇಲಿನ ಮಾತು. ಮೊದಲು ಒಳಗಿರೋದನ್ನ ಹೊರಗೆ ತೆಗೀರಿ. ನಮ್ಮದ್ರಲ್ಲಿ ಎಕ್ಸೆಲ್‌ಗೆ ಕಳಿಸೋ ಬಟನ್ನೇ ಇರಲಿಲ್ಲ. ಫೋಲ್ಡರ್ ಜಾಲಾಡಿದ್ರೆ ಅಷ್ಟೂ ಡೇಟಾ ಒಂದು ಆಕ್ಸೆಸ್ (ಮೈಕ್ರೋಸಾಫ್ಟ್‌ನ ಡೇಟಾಬೇಸ್) ಫೈಲಲ್ಲಿ ಕೂತಿತ್ತು. ಕಾಪಿ ಮಾಡಿ ಬೇರೆ ಕಂಪ್ಯೂಟರಲ್ಲಿ ತೆರೆದ್ವಿ. ಇಂಗ್ಲಿಷ್ ಕಾಲಂ ಸರಿ ಬಂತು. ಕನ್ನಡದ್ದೆಲ್ಲ ಹಳೇ ನುಡಿ ಫಾಂಟಿನ ಆಸ್ಕಿ, ಆ ಫಾಂಟ್ ಇಲ್ಲದಿದ್ರೆ ಓದೋಕಾಗಲ್ಲ. ಯೂನಿಕೋಡ್‌ಗೆ ಬದಲಾಯಿಸಿದಾಗ ಅರ್ಕಾವೊತ್ತು ಇದ್ದಲ್ಲೆಲ್ಲ ಎಡವಟ್ಟು. ನಮ್ಮೂರಿನ ಹೆಸರಲ್ಲೇ ಅರ್ಕಾವೊತ್ತು ಇದೆಯಲ್ಲ ಮಾರಾಯ್ರೆ, ಒಬ್ಬ ಕಕ್ಷಿದಾರನ ವಿಳಾಸವೂ ನೆಟ್ಟಗಿರಲಿಲ್ಲ. ಊರಿನ ಹೆಸರು ಫೈಂಡ್-ರೀಪ್ಲೇಸಲ್ಲಿ ಒಂದೇ ಏಟಿಗೆ ಸರಿಯಾಯ್ತು. ಜನರ ಹೆಸರು ಮಾತ್ರ ಒಂದೊಂದೇ ವಕಾಲತ್ತು ಬಿಡಿಸಿ ನೋಡಿ ತಿದ್ದಿದ್ದು. ಎರಡು ತಿಂಗಳು ಹಿಡೀತು.

ತಿದ್ದುವಾಗಲೇ ಪ್ರತಿ ಕೇಸಿನ ಎದುರು 16 ಅಕ್ಷರದ ಸಿಎನ್ಆರ್ ನಂಬರ್, ಅಂದ್ರೆ ಆ ಕೇಸಿಗೇ ಅಂತ ಇರೋ ಗುರುತಿನ ನಂಬರ್, ಬರ್ಕೊಳಿ. ಇ-ಕೋರ್ಟ್ಸ್ ಆ್ಯಪಲ್ಲಿ ಅದನ್ನ ಹಾಕಿದ್ರೆ ಮುಂದಿನ ಡೇಟ್ ಬರುತ್ತೆ, ಸಾಫ್ಟ್‌ವೇರ್ ಸತ್ತರೂ ಕೇಸು ಕಳೆದುಹೋಗಲ್ಲ. ಹಾಂ, ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ 2020ರ ಜನವರಿಯಲ್ಲೇ ಬೆಂಬಲ ನಿಲ್ಲಿಸಿದೆ. ಆ ಕಂಪ್ಯೂಟರಿಗೆ ನೆಟ್ ಕೊಟ್ಟಿದ್ರೆ ಇವತ್ತೇ ಕಿತ್ತುಬಿಡಿ.

ಕ್ರಿಮಿನಲ್ ಕಡೆಯ ವಕೀಲ, ಸಾಗರ:
ಸೆಕ್ಷನ್ ಪಟ್ಟಿ ನೋಡಿದ್ದೀರಾ? 2024ರ ಜುಲೈ 1ರಿಂದ ಐಪಿಸಿ ಬದಲು ಬಿಎನ್ಎಸ್ (ಭಾರತೀಯ ನ್ಯಾಯ ಸಂಹಿತೆ), ಸಿಆರ್‌ಪಿಸಿ ಬದಲು ಬಿಎನ್ಎಸ್ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಬಂದಿವೆ. ನಮ್ಮ ಸಾಫ್ಟ್‌ವೇರ್ ಪಾಲಿಗೆ ಇನ್ನೂ ಐಪಿಸಿ, ಸಿಆರ್‌ಪಿಸಿ ಕಾಲವೇ. ನಮ್ಮ ಹುಡುಗ 482 ಅಂತ ಒತ್ತಿದ. ಅವನ ತಲೆಯಲ್ಲಿ ಇದ್ದದ್ದು ಬಿಎನ್ಎಸ್ಎಸ್ 482, ಬಂಧನಕ್ಕೆ ಮೊದಲೇ ಕೇಳೋ ನಿರೀಕ್ಷಣಾ ಜಾಮೀನು. ಸಾಫ್ಟ್‌ವೇರ್ ಅದನ್ನ ಸಿಆರ್‌ಪಿಸಿ 482 ಅಂತ ತಿಳಿದು, ಕೇಸ್ ರದ್ದು ಮಾಡಿ ಅಂತ ಹೈಕೋರ್ಟಿಗೆ ಹಾಕೋ ಅರ್ಜಿಯ ತಲೆಬರಹ ಕೂರಿಸಿ ಕೊಟ್ಟಿತು. ನಾವು ಹೊರಟಿದ್ದು ಸೆಷನ್ಸ್ ಕೋರ್ಟಿಗೆ! ಸಹಿ ಹಾಕುವಾಗ ಕಣ್ಣಿಗೆ ಬಿತ್ತು, ಬಚಾವ್.

ಚೆಕ್ ಬೌನ್ಸ್ ಕೇಸಲ್ಲಂತೂ ಅದರ ರಿಮೈಂಡರ್ ನಂಬಲೇಬೇಡಿ. ಚೆಕ್ ಕೊಟ್ಟವರಿಗೆ ನೋಟಿಸ್ ಕೊಡೋ 30 ದಿನ ಎಣಿಸಬೇಕಾದ್ದು ಬೌನ್ಸ್ ಆಯ್ತು ಅಂತ ಬ್ಯಾಂಕಿಂದ ನಮಗೆ ತಿಳಿದ ದಿನದಿಂದ. ನಮ್ಮದು ಚೆಕ್ಕಿನ ಮೇಲಿನ ತಾರೀಕಿಂದ ಎಣಿಸ್ತಿತ್ತು. ಈಗ ಆ ಲೆಕ್ಕ ಗೋಡೆ ಕ್ಯಾಲೆಂಡರಲ್ಲೇ.

ವಕೀಲ, ಹೊಸನಗರ:
ಹೊಸದು ತಗೊಳ್ಳೋವಾಗ ಕ್ಲೌಡ್ ಕ್ಲೌಡ್ ಅಂತ, ಅಂದ್ರೆ ಡೇಟಾ ಎಲ್ಲ ನೆಟ್ಟಲ್ಲೇ ಇಡಿ ಅಂತ, ತಲೆ ತಿಂತಾರೆ. ಜೂನ್ ಬಂದ್ರೆ ನಮ್ಮಲ್ಲಿ ಕ್ಲೌಡ್‌ಗೇನೂ ಬರ ಇಲ್ಲ, ನೆಟ್‌ವರ್ಕ್‌ಗೆ ಬರ. ನೆಟ್ ಇಲ್ಲದಾಗ ತೆರೆಯುತ್ತಾ ಅಂತ ಮೊದಲೇ ಕೇಳಿ. ಡೆಮೋ ತೋರಿಸೋಕೆ ಬಂದವನ ಮುಂದೆಯೇ ವೈಫೈ ಆಫ್ ಮಾಡಿ ನೋಡಿ.

ಜೂನಿಯರ್ ವಕೀಲೆ, ಶಿವಮೊಗ್ಗ:
ಎಲ್ಲರಿಗೂ ಥ್ಯಾಂಕ್ಸ್. ತೀರ್ಥಹಳ್ಳಿ ಅಣ್ಣ, ನಮ್ಮದೂ ಆಕ್ಸೆಸ್ ಫೈಲೇ. ಎರಡು ಪೆನ್‌ಡ್ರೈವ್‌ಗೆ ಹಾಕಿಟ್ಟೆ. ಸೀನಿಯರ್‌ಗೆ 482ರ ಕಥೆ ಹೇಳಿದೆ. ಏನೂ ಮಾತಾಡಲಿಲ್ಲ, ಕನ್ನಡಕ ಹಾಕ್ಕೊಂಡು ನಾಳೆಯ ಅರ್ಜಿ ಇನ್ನೊಂದು ಸಲ ಓದೋಕೆ ಕೂತ್ರು.